ಲೆಕ್ಕದ ಪುಸ್ತಕವೂ ಬೆಳ್ಳಿಯ ತೆರೆಯೂ: ಅಮೆರಿಕದ ಚಲಚ್ಚಿತ್ರದ ಚರಿತ್ರೆಯನ್ನು ಓದುವ ಬಗೆ

೧೯೧೫ನೆಯ ಇಸವಿಯ ಫೆಬ್ರುವರಿ ತಿಂಗಳು ಅಮೆರಿಕದ ಚಲಚ್ಚಿತ್ರದ ಚರಿತ್ರೆಯಲ್ಲಿ ಎರಡು ಕಾರಣಗಳಿಂದ ಸ್ಮರಣೀಯವಾದುದು. ಆ ತಿಂಗಳ ೮ರಂದು ಲಾಸ್ ಏಂಜಲೀಸ್ ನಗರದಲ್ಲಿ ಡಿ. ಡಬ್ಲ್ಯು. ಗ್ರಿಫಿತ್‌ನ 'ದಿ ಬರ್ತ್ ಆಫ್ ಎ ನೇಷನ್' ಚಿತ್ರದ ಪ್ರಥಮ ಪ್ರದರ್ಶನ ನಡೆಯಿತು. ಮೂರು ಗಂಟೆಗಳ ದೀರ್ಘ ಕಥನವನ್ನು ಚಿತ್ರಗಳ ಜೋಡಣೆಯಿಂದಲೇ ಕಟ್ಟಿ ನಿಲ್ಲಿಸಬಹುದೆಂದು ಆ ಕೃತಿ ತೋರಿಸಿಕೊಟ್ಟಿತು. ಜೊತೆಗೇ ಕರಿಯ ಜನರ ಮೇಲೆ ದ್ವೇಷವನ್ನು ಬಿತ್ತುವ ಶಕ್ತಿ ಈ ಮಾಧ್ಯಮಕ್ಕೆ ಎಷ್ಟಿದೆ ಎಂಬುದನ್ನೂ ತೋರಿಸಿಕೊಟ್ಟಿತು. ಅದೇ ತಿಂಗಳ ೨೩ರಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು ಓಹಾಯೋ ರಾಜ್ಯದ ಚಿತ್ರಪರೀಕ್ಷಣ ಶಾಸನದ ಮೇಲಿನ ಮೊಕದ್ದಮೆಯಲ್ಲಿ ತನ್ನ ತೀರ್ಪನ್ನು ಕೊಟ್ಟಿತು. ಚಲಚ್ಚಿತ್ರ ಪ್ರದರ್ಶನವೆಂಬುದು ಲಾಭಕ್ಕಾಗಿ ನಡೆಯುವ ವ್ಯಾಪಾರವೇ ಹೊರತು ಬೇರೇನಲ್ಲ. ಪತ್ರಿಕೆಗೂ ಭಾಷಣಕ್ಕೂ ಇರುವ ಸ್ವಾತಂತ್ರ್ಯ ಅದಕ್ಕೆ ಸಲ್ಲದು ಎಂಬುದು ಆ ತೀರ್ಪಿನ ಸಾರಾಂಶ.

ಒಂದು ಜನಾಂಗದ ಮನಸ್ಸನ್ನು ಕಲಕಿದ ಕೃತಿಯೂ, ಅಂಥ ಕೃತಿಯನ್ನು ದಿನಸಿ ಮಾಲಿನ ಸಾಲಿನಲ್ಲಿ ನಿಲ್ಲಿಸಿದ ತೀರ್ಪೂ ಒಂದೇ ತಿಂಗಳಲ್ಲಿ ಬಂದದ್ದು ಆಕಸ್ಮಿಕವಿರಬಹುದು. ಆದರೆ ಅಮೆರಿಕದ ಚಲಚ್ಚಿತ್ರವನ್ನು ಕುರಿತು ಅಂದಿನಿಂದ ನಡೆದುಬಂದಿರುವ ವಾದವೆಲ್ಲವೂ ಈ ಎರಡು ಘಟನೆಗಳ ನಡುವೆಯೇ ಓಲಾಡುತ್ತಿದೆ. ರಸಿಕರು ಅದನ್ನು ಕಲೆಯೆಂದು ಓದುತ್ತಾರೆ; ಅವರಿಗೆ ಹಣದ ಮಾತು ಅಪಥ್ಯ. ವರ್ತಕರು ಅದನ್ನು ಉದ್ಯಮವೆಂದು ಓದುತ್ತಾರೆ. ಅವರಿಗೆ ಗಲ್ಲಾಪೆಟ್ಟಿಗೆಯ ಮೊತ್ತವೇ ವಿಮರ್ಶೆ. ಸಮಾಜಶಾಸ್ತ್ರಜ್ಞರು ಅದರಲ್ಲಿ ಒಂದು ರಾಷ್ಟ್ರದ ಮುಖವನ್ನು ಹುಡುಕುತ್ತಾರೆ. ಈ ಮೂರು ಓದುಗಳೂ ಬೇರೆಬೇರೆಯಾಗಿ ಅಪೂರ್ಣವೆಂಬುದು ಪ್ರಸ್ತುತ ಲೇಖನದ ಅಭಿಪ್ರಾಯ. ಲೆಕ್ಕದ ಪುಸ್ತಕವನ್ನು ಬಿಚ್ಚದೆ ಆ ಕಲೆಯ ಹುಟ್ಟನ್ನು ವಿವರಿಸಲಾಗದು; ಆದರೆ ಹುಟ್ಟನ್ನು ವಿವರಿಸಿದ ಮಾತ್ರಕ್ಕೆ ಕೃತಿಯ ಬೆಲೆಯನ್ನು ಕಟ್ಟುವ ಅಧಿಕಾರ ಆ ಪುಸ್ತಕಕ್ಕೆ ಬರುವುದಿಲ್ಲ. ಈ ಎರಡನೆಯ ಮಾತನ್ನು ಮರೆತದ್ದರಿಂದ ಆದ ನಷ್ಟ ಎಷ್ಟೆಂಬುದನ್ನು ಕೊನೆಯಲ್ಲಿ ನೋಡೋಣ.

೧. ಐದು ಸೆಂಟಿನ ಮಂದಿರ

ಅಮೆರಿಕದಲ್ಲಿ ಚಲಚ್ಚಿತ್ರವು ಮೊದಲು ಹುಟ್ಟಿದ್ದು ಯಂತ್ರದ ಕೌತುಕವಾಗಿ. ೧೮೯೪ರ ಏಪ್ರಿಲಿನಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ನನ ಕೈನೆಟೋಸ್ಕೋಪ್ ಯಂತ್ರಗಳನ್ನು ಸಾಲಾಗಿ ಇರಿಸಿದ ಅಂಗಡಿಯೊಂದು ತೆರೆಯಿತು. ಒಬ್ಬೊಬ್ಬನೇ ಬಗ್ಗಿ, ಕಿಂಡಿಯಲ್ಲಿ ಕಣ್ಣಿಟ್ಟು ನೋಡಬೇಕಾದ ಪೆಟ್ಟಿಗೆ ಅದು. ಎರಡು ವರ್ಷಗಳಲ್ಲಿ ಚಿತ್ರ ಪೆಟ್ಟಿಗೆಯಿಂದ ಹೊರಬಂದು ಗೋಡೆಯ ಮೇಲಿನ ತೆರೆಯನ್ನೇರಿತು. ಆದರೆ ಅದಕ್ಕೊಂದು ಸ್ವಂತ ಮನೆ ದೊರೆತದ್ದು ೧೯೦೫ರಲ್ಲಿ, ಪಿಟ್ಸ್‌ಬರ್ಗ್ ಎಂಬ ಉಕ್ಕಿನ ಕಾರ್ಖಾನೆಗಳ ಊರಿನಲ್ಲಿ. ಹ್ಯಾರಿ ಡೇವಿಸ್ ಮತ್ತು ಜಾನ್ ಹ್ಯಾರಿಸ್ ಎಂಬಿಬ್ಬರು ಅಲ್ಲಿ ತೆರೆದ ಪುಟ್ಟ ಮಂದಿರಕ್ಕೆ ಪ್ರವೇಶಧನ ಐದು ಸೆಂಟು. ಆ ನಾಣ್ಯದ ಹೆಸರಾದ ನಿಕಲ್ ಎಂಬುದರಿಂದಲೇ ಅಂಥ ಮಂದಿರಗಳಿಗೆ ನಿಕಲೋಡಿಯನ್ ಎಂಬ ಹೆಸರು ಬಂದಿತು. ಕೆಲವೇ ವರ್ಷಗಳಲ್ಲಿ ಅವು ಸಹಸ್ರಗಟ್ಟಲೆ ತಲೆಯೆತ್ತಿದವು.

ಅಲ್ಲಿಗೆ ಬರುತ್ತಿದ್ದವರಲ್ಲಿ ಬಹುಮಂದಿ ಕೂಲಿಗಾರರು. ಇಟಲಿ, ಪೋಲೆಂಡು, ರಷ್ಯ, ಹಂಗೇರಿಗಳಿಂದ ವಲಸೆ ಬಂದವರು. ಇಂಗ್ಲಿಷು ಬಾರದವನಿಗೂ ಮೂಕಚಿತ್ರ ತಿಳಿಯುತ್ತಿತ್ತು. ಆ ಮಂದಿರಗಳನ್ನು ನಡೆಸಿದವರಲ್ಲಿಯೂ ವಲಸೆಗಾರರು ಹಲವರು. ಹಂಗೇರಿಯಿಂದ ಬಂದು ತುಪ್ಪುಳಿನ ಉಡುಪುಗಳ ವ್ಯಾಪಾರ ಮಾಡುತ್ತಿದ್ದ ಅಡಾಲ್ಫ್ ಜೂಕರ್, ಜರ್ಮನಿಯಿಂದ ಬಂದು ಬಟ್ಟೆಯಂಗಡಿಯಲ್ಲಿ ದುಡಿದ ಕಾರ್ಲ್ ಲೆಮ್ಲಿ ಇಂಥವರು ಮೊದಲು ಪ್ರದರ್ಶಕರಾಗಿ, ಅನಂತರ ನಿರ್ಮಾಪಕರಾದರು. ತಮ್ಮ ಊರನ್ನು ಬಿಟ್ಟು ಪರಸ್ಥಳದಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥವರಿಗೆ ಈ ಸಂಗತಿಯ ಅರ್ಥ ಬೇಗ ಹೊಳೆಯುವುದು: ಅಮೆರಿಕದ ಅತ್ಯಂತ ಅಮೆರಿಕೀಯವಾದ ಕಲೆಯನ್ನು ಕಟ್ಟಿದವರಲ್ಲಿ ಆ ದೇಶಕ್ಕೆ ಹೊಸದಾಗಿ ಬಂದವರ ಪಾಲು ದೊಡ್ಡದು.

೧೯೦೮ರ ಕೊನೆಯಲ್ಲಿ ಎಡಿಸನ್ ಸಂಸ್ಥೆಯೂ ಅದರ ಮಿತ್ರಸಂಸ್ಥೆಗಳೂ ತಮ್ಮ ತಮ್ಮ ಯಂತ್ರಗಳ ಪೇಟೆಂಟುಗಳನ್ನು ಒಟ್ಟುಗೂಡಿಸಿ, ತಮ್ಮ ಅಪ್ಪಣೆಯಿಲ್ಲದೆ ಯಾರೂ ಚಿತ್ರ ತೆಗೆಯಕೂಡದು, ತೋರಿಸಕೂಡದು ಎಂಬ ಕಟ್ಟನ್ನು ಬಿಗಿದರು. ಲೆಮ್ಲಿ ಮೊದಲಾದವರು ಅದನ್ನು ಧಿಕ್ಕರಿಸಿದರು. ಸರ್ಕಾರವೂ ಆ ಕೂಟದ ಮೇಲೆ ದಾವೆ ಹೂಡಿ ೧೯೧೫ರಲ್ಲಿ ಗೆದ್ದಿತು. ಏತನ್ಮಧ್ಯೆ ಬಿಸಿಲು ಹೇರಳವಾಗಿರುವ, ಬೆಟ್ಟ ಕಡಲು ಮರುಭೂಮಿ ಮೂರೂ ಸಮೀಪವಿರುವ, ಭೂಮಿಯೂ ಕೂಲಿಯೂ ಅಗ್ಗವಾಗಿದ್ದ ದಕ್ಷಿಣ ಕ್ಯಾಲಿಫೋರ್ನಿಯಕ್ಕೆ ಚಿತ್ರತಂಡಗಳು ಸಾಗಿದ್ದವು. ೧೯೧೧ರಲ್ಲಿ ಹಾಲಿವುಡ್ಡಿನಲ್ಲಿ ಮೊದಲ ಸ್ಟುಡಿಯೋ ನೆಲೆಗೊಂಡಿತು. ಏಕಸ್ವಾಮ್ಯವನ್ನು ಮುರಿದು ಮೇಲೆ ಬಂದ ಈ ಸ್ವತಂತ್ರರೇ ಮುಂದೆ ಇನ್ನೂ ಭದ್ರವಾದ ಏಕಸ್ವಾಮ್ಯವೊಂದನ್ನು ಕಟ್ಟಿದರೆಂಬುದು ಚರಿತ್ರೆಯ ವಿನೋದ.

೨. ಆಧಾರ ಯಾವುದು?

ಸಾಲ ಕೊಡುವವನು ಮೊದಲು ಕೇಳುವ ಪ್ರಶ್ನೆ: ಆಧಾರವೇನು? ಹೊಲವಿದ್ದರೆ ಹೊಲ, ಚಿನ್ನವಿದ್ದರೆ ಚಿನ್ನ, ಗೋದಾಮಿನಲ್ಲಿ ಹತ್ತಿಯಿದ್ದರೆ ಹತ್ತಿ. ಆದರೆ ಇನ್ನೂ ತೆಗೆಯದ ಚಿತ್ರ ಎಂಥ ಆಧಾರ? ತೆಗೆದ ಮೇಲಾದರೂ ಅದು ನೆರಳು; ಜನ ಬಂದರೆ ಐಶ್ವರ್ಯ, ಬಾರದಿದ್ದರೆ ಬೆಂಕಿಗೆ ಬೇಗ ತುತ್ತಾಗುವ ಕೆಲವು ಸುರುಳಿ ಫಿಲಂ. ಅದಕ್ಕಾಗಿಯೇ ಪೂರ್ವತೀರದ ಹಳೆಯ ಬ್ಯಾಂಕುಗಳು ಮೊದಮೊದಲು ಈ ಉದ್ಯಮದತ್ತ ತಿರುಗಿಯೂ ನೋಡಲಿಲ್ಲ.

ಮೊದಲೇ ಕೈನೀಡಿದವರಲ್ಲಿ ಒಬ್ಬನು ಸ್ಯಾನ್‌ಫ್ರಾನ್ಸಿಸ್ಕೋದ ಎ. ಪಿ. ಗಿಯಾನ್ನೀನಿ. ಇಟಾಲಿಯನ್ ವಲಸೆಗಾರರ ಮಗನಾದ ಈತ ೧೯೦೪ರಲ್ಲಿ ಬ್ಯಾಂಕ್ ಆಫ್ ಇಟಲಿಯನ್ನು ಸ್ಥಾಪಿಸಿದನು. ೧೯೩೦ರಲ್ಲಿ ಅದಕ್ಕೆ ಬ್ಯಾಂಕ್ ಆಫ್ ಅಮೆರಿಕ ಎಂದು ಹೆಸರಾಯಿತು. ದೊಡ್ಡ ಬ್ಯಾಂಕುಗಳ ಮೆಟ್ಟಿಲು ಹತ್ತಲು ಅಂಜುತ್ತಿದ್ದ ಹಣ್ಣು ಮಾರುವವರು, ಮೀನುಗಾರರು ಇವರೇ ಅವನ ಗಿರಾಕಿಗಳು. ೧೯೦೬ರ ಭೂಕಂಪದಲ್ಲಿ ನಗರ ಹಾಳಾದಾಗ ಹಡಗುಕಟ್ಟೆಯಲ್ಲಿ ಹಲಗೆಯೊಂದನ್ನಿರಿಸಿಕೊಂಡು, ಮನೆ ಕಟ್ಟಿಕೊಳ್ಳುವವರಿಗೆ ಮುಖ್ಯವಾಗಿ ಮುಖಪರಿಚಯದ ಮೇಲೆಯೇ ಸಾಲ ಕೊಟ್ಟನೆಂಬುದು ಪ್ರಸಿದ್ಧ. ೧೯೨೮ರಲ್ಲಿ ಉಡುಪಿಯಲ್ಲಿ ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೆ ಹೋಗಿ ಸಂಗ್ರಹಿಸುವ ಪಿಗ್ಮಿ ಯೋಜನೆಯನ್ನು ತೊಡಗಿದ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯನ್ನು ಬಲ್ಲ ಕನ್ನಡಿಗರಿಗೆ ಇಂಥ ಬ್ಯಾಂಕಿನ ಮನೋಧರ್ಮವನ್ನು ವಿವರಿಸಿ ಹೇಳಬೇಕಾಗಿಲ್ಲ. ಎ. ಪಿ. ಗಿಯಾನ್ನೀನಿಯ ತಮ್ಮನಾದ ಡಾಕ್ಟರ್ ಎ. ಎಚ್. ಗಿಯಾನ್ನೀನಿ ವೃತ್ತಿಯಿಂದ ವೈದ್ಯ. ಚಿತ್ರೋದ್ಯಮಕ್ಕೆ ಸಾಲ ಕೊಡುವ ವ್ಯವಹಾರವನ್ನು ಬೆಳೆಸಿದವನು ಆತನೇ.

ಆದರೆ ಉದ್ಯಮ ಬಹುದೊಡ್ಡದಾಗಬೇಕಾದರೆ ಮುಖಪರಿಚಯ ಸಾಲದು. ಜೂಕರನಿಗೆ ಇದು ಚೆನ್ನಾಗಿ ತಿಳಿದಿತ್ತು. ಅವನ ಸಂಸ್ಥೆ ಮುಂದೆ ಪ್ಯಾರಮೌಂಟ್ ಎಂದು ಹೆಸರಾದುದು. ೧೯೧೯ರಲ್ಲಿ ಕೂನ್, ಲೋಬ್ ಎಂಬ ನ್ಯೂಯಾರ್ಕಿನ ಹಣಕಾಸು ಸಂಸ್ಥೆಯ ಮೂಲಕ ಅವನು ಒಂದು ಕೋಟಿ ಡಾಲರುಗಳ ಷೇರುಗಳನ್ನು ಮಾರಿ, ಆ ಹಣದಿಂದ ಊರೂರುಗಳಲ್ಲಿ ಚಿತ್ರಮಂದಿರಗಳನ್ನು ಕೊಳ್ಳತೊಡಗಿದನು. ಇದರ ಮರ್ಮ ಸರಳವಾದುದು. ಚಿತ್ರ ನೆರಳಾದರೂ ಮಂದಿರ ಕಲ್ಲುಗಾರೆಯದು; ಪೇಟೆಯ ನಡುವಿನ ನಿವೇಶನ ಅದು. ಮಂದಿರ ಕೈಯಲ್ಲಿದ್ದರೆ ತೆಗೆದ ಚಿತ್ರಕ್ಕೆಲ್ಲ ಮಾರಾಟ ನಿಶ್ಚಿತ. ಮಾರಾಟ ನಿಶ್ಚಿತವಾದರೆ ಸಾಲ ನಿರಾತಂಕ. ಸ್ವಂತ ಮಂದಿರಗಳಿಲ್ಲದ ಪ್ರದರ್ಶಕರಿಗೆ ಒಂದು ಒಳ್ಳೆಯ ಚಿತ್ರ ಬೇಕಾದರೆ ಅದರ ಜೊತೆ ಹತ್ತಿಪ್ಪತ್ತು ಸಾಧಾರಣ ಚಿತ್ರಗಳನ್ನೂ, ಕೆಲವು ವೇಳೆ ಇನ್ನೂ ತೆಗೆಯದವುಗಳನ್ನೂ, ಒಟ್ಟಾಗಿ ಕೊಳ್ಳಬೇಕೆಂಬ ಕರಾರು. ಇದಕ್ಕೆ ಬ್ಲಾಕ್ ಬುಕಿಂಗ್ ಎಂದು ಹೆಸರು. ನಿರ್ಮಾಣ, ವಿತರಣೆ, ಪ್ರದರ್ಶನ ಈ ಮೂರೂ ಒಂದೇ ಕೈಯಲ್ಲಿ ಸೇರಿದುದು ಹೀಗೆ.

ಶಬ್ದಚಿತ್ರದ ಆಗಮನವು ಈ ಬಿಗಿಯನ್ನು ಹೆಚ್ಚಿಸಿತು. ನ್ಯೂಯಾರ್ಕಿನ ಬಂಡವಾಳದ ಬೆಂಬಲದಿಂದ ವಾರ್ನರ್ ಸಹೋದರರು ೧೯೨೭ರ ಅಕ್ಟೋಬರಿನಲ್ಲಿ 'ದಿ ಜಾಜ್ ಸಿಂಗರ್' ಚಿತ್ರವನ್ನು ಹೊರತಂದ ಮೇಲೆ, ಮಂದಿರಗಳಿಗೆಲ್ಲ ಧ್ವನಿಯಂತ್ರಗಳನ್ನು ಕೂಡಿಸುವ ವೆಚ್ಚವನ್ನು ದೊಡ್ಡವರು ಮಾತ್ರವೇ ತಾಳಬಲ್ಲವರಾಗಿದ್ದರು. ೧೯೩೦ರ ದಶಕದ ನಡುವಿಗೆ ಎಂಟು ಸಂಸ್ಥೆಗಳು ಉಳಿದವು. ಪ್ಯಾರಮೌಂಟ್, ಎಂ.ಜಿ.ಎಂ.ನ ಒಡೆತನವಿದ್ದ ಲೋಸ್, ವಾರ್ನರ್, ಟ್ವೆಂಟಿಯತ್ ಸೆಂಚುರಿ ಫಾಕ್ಸ್, ಆರ್.ಕೆ.ಓ. ಎಂಬ ಐದಕ್ಕೆ ಮಂದಿರಗಳ ದೊಡ್ಡ ಜಾಲಗಳಿದ್ದವು. ಯೂನಿವರ್ಸಲ್, ಕೊಲಂಬಿಯಾ, ಯುನೈಟೆಡ್ ಆರ್ಟಿಸ್ಟ್ಸ್ ಎಂಬ ಮೂರಕ್ಕೆ ಅಂಥ ಜಾಲವಿರಲಿಲ್ಲ.

ಈ ವ್ಯವಸ್ಥೆಯ ಕೈ ನಮ್ಮವರೆಗೂ ಚಾಚಿತ್ತು. ಸ್ವದೇಶದಲ್ಲಿಯೇ ಅಸಲು ಹುಟ್ಟಿಬಂದ ಚಿತ್ರವನ್ನು ಪರದೇಶದಲ್ಲಿ ಯಾವ ಬೆಲೆಗೆ ಕೊಟ್ಟರೂ ಲಾಭವೇ. ಅಮೆರಿಕದ ಚಿತ್ರಗಳು ಜಗತ್ತನ್ನೆಲ್ಲ ತುಂಬಿದುದಕ್ಕೆ ಇದೊಂದು ಮುಖ್ಯ ಕಾರಣ. ಭಾರತದಲ್ಲಿ ಮದರಾಸಿನ ಟಿ. ರಂಗಾಚಾರಿಯರ್ ಅವರ ಅಧ್ಯಕ್ಷತೆಯಲ್ಲಿ ೧೯೨೭-೨೮ರಲ್ಲಿ ನಡೆದ ಚಲಚ್ಚಿತ್ರ ಸಮಿತಿಯ ವಿಚಾರಣೆಯಲ್ಲಿ, ಇಲ್ಲಿ ತೋರಿಸುತ್ತಿದ್ದ ಚಿತ್ರಗಳಲ್ಲಿ ಬಹುಪಾಲು ವಿದೇಶದವು, ಅವುಗಳಲ್ಲಿಯೂ ಹೆಚ್ಚಿನವು ಅಮೆರಿಕದವು ಎಂಬುದು ಸ್ಪಷ್ಟವಾಯಿತು. ಮುಂಬಯಿಯ ಧೋಬಿತಲಾವಿನ ಮೂಲೆಯಲ್ಲಿ ನಿಂತಿರುವ ಮೆಟ್ರೋ ಚಿತ್ರಮಂದಿರವನ್ನು ೧೯೩೮ರಲ್ಲಿ ಕಟ್ಟಿಸಿದುದು ಎಂ.ಜಿ.ಎಂ. ಸಂಸ್ಥೆಯೇ. ಹಾದುಹೋಗುವವರಿಗೆ ಅದೊಂದು ಬಸ್ ನಿಲ್ದಾಣದ ಗುರುತು. ಉದ್ಯಮದ ಚರಿತ್ರೆಯನ್ನು ಬಲ್ಲವರಿಗೆ, ಜೂಕರನು ಕಂಡುಕೊಂಡ ಸೂತ್ರದ ಕಲ್ಲಿನ ಸಾಕ್ಷ್ಯ.

೩. ಕಮ್ಮಟದ ಲಾಭ, ಕಮ್ಮಟದ ಕಟ್ಟು

ನಿಶ್ಚಿತ ಮಾರಾಟವು ಕಲೆಗೆ ಏನನ್ನು ಕೊಟ್ಟಿತು? ನಿರಂತರವಾದ ಕಮ್ಮಟವನ್ನು ಕೊಟ್ಟಿತು. ವರ್ಷಕ್ಕೆ ಐವತ್ತರಷ್ಟು ಚಿತ್ರಗಳನ್ನು ತೆಗೆಯಲೇಬೇಕಾದ ಸಂಸ್ಥೆಯು ಛಾಯಾಗ್ರಾಹಕ, ಸಂಕಲನಕಾರ, ಸಂಗೀತಗಾರ, ಬಡಗಿ, ದರ್ಜಿ, ಬರಹಗಾರ ಎಲ್ಲರನ್ನೂ ಸಂಬಳಕ್ಕೆ ಇರಿಸಿಕೊಳ್ಳಬೇಕಾಯಿತು. ಒಂದೇ ಸೂರಿನ ಕೆಳಗೆ ವರ್ಷಾನುಗಟ್ಟಲೆ ಒಟ್ಟಿಗೆ ದುಡಿದವರಲ್ಲಿ ಕೈಚಳಕ ಪರಂಪರೆಯಾಗಿ ಹರಿಯಿತು. ದೇವಾಲಯದ ಕೆಲಸ ತಲೆಮಾರುಗಳ ಕಾಲ ನಡೆಯುತ್ತಿದ್ದಾಗ ಶಿಲ್ಪಿಗಳ ವಂಶಗಳು ಬೆಳೆದಂತೆಯೇ ಇದು.

೧೯೪೧ರ 'ಸಿಟಿಜನ್ ಕೇನ್' ಇದಕ್ಕೆ ಅತ್ಯುತ್ತಮ ನಿದರ್ಶನ. ಅದನ್ನು ಸಾಮಾನ್ಯವಾಗಿ ಇಪ್ಪತ್ತೈದರ ತರುಣ ಆರ್ಸನ್ ವೆಲ್ಸ್‌ನ ಏಕಾಂಗ ಸಾಹಸವೆಂದು ಕೊಂಡಾಡುತ್ತಾರೆ. ಆತನ ಪ್ರತಿಭೆ ನಿರ್ವಿವಾದ. ಆದರೆ ಹತ್ತಿರದ ಮುಖವನ್ನೂ ದೂರದ ಬಾಗಿಲನ್ನೂ ಒಂದೇ ಸ್ಫುಟತೆಯಲ್ಲಿ ಹಿಡಿದ ಗ್ರೆಗ್ ಟೋಲಂಡನು ಹಾಲಿವುಡ್ಡಿನ ಕಮ್ಮಟದಲ್ಲಿ ಹದಿಹರೆಯದಿಂದ ಪಳಗಿದವನು. ಕಥೆಯನ್ನು ಬರೆಯುವುದರಲ್ಲಿ ಹರ್ಮನ್ ಮ್ಯಾಂಕೀವಿಟ್ಸ್, ಸಂಕಲನದಲ್ಲಿ ರಾಬರ್ಟ್ ವೈಸ್ ಜೊತೆಗಿದ್ದರು. ಕಲಾನಿರ್ದೇಶಕ ಪೆರಿ ಫರ್ಗ್ಯೂಸನ್ನನ ಕೆಲಸ ನಮ್ಮ ವಾದಕ್ಕೆ ವಿಶೇಷವಾಗಿ ಪ್ರಸ್ತುತ. ಅರಮನೆಯಂಥ ಭವನವನ್ನು ಪೂರ್ತಿ ಕಟ್ಟಲು ಹಣ ಸಾಲದೆ, ಅವನು ಅಲ್ಲೊಂದು ಅಗ್ಗಿಷ್ಟಿಕೆ, ಇಲ್ಲೊಂದು ಮೆಟ್ಟಿಲಸಾಲು ಇರಿಸಿ, ನಡುವಿನ ಬಯಲನ್ನು ಕಪ್ಪು ಬಟ್ಟೆಯಿಂದ ಮುಚ್ಚಿದನು. ಕ್ಯಾಮರಾದ ಕಣ್ಣಿಗೆ ಆ ಕಪ್ಪು ಅಗಾಧವಾದ ಕತ್ತಲೆಯಾಯಿತು. ಐಶ್ವರ್ಯದ ನಡುವೆ ಒಂಟಿಯಾದ ಮನುಷ್ಯನ ಶೂನ್ಯವಾಯಿತು. ಲೆಕ್ಕಿಗನು ಉಳಿಸಿದ ಹಣವನ್ನು ಕಲಾವಿದನು ಅರ್ಥವನ್ನಾಗಿ ಪರಿವರ್ತಿಸಿದನು. ಇಂಥಲ್ಲಿ ಕಲೆಯೆಲ್ಲಿ ಮುಗಿಯಿತು, ಉದ್ಯಮವೆಲ್ಲಿ ತೊಡಗಿತು ಎಂದು ಗೆರೆಯೆಳೆಯುವುದು ಅಸಾಧ್ಯ.

ಆದರೆ ಕಮ್ಮಟಕ್ಕೆ ಬಾಗಿಲೂ ಇತ್ತು, ಬೀಗವೂ ಇತ್ತು. ೧೯೧೦ರ ದಶಕದಲ್ಲಿ, ಬಂಡವಾಳ ಚಿಕ್ಕದಾಗಿದ್ದಾಗ, ಲೋಯಿಸ್ ವೆಬರ್ ಎಂಬ ಮಹಿಳೆ ಅಮೆರಿಕದ ಅಗ್ರಗಣ್ಯ ನಿರ್ದೇಶಕರಲ್ಲಿ ಒಬ್ಬಳಾಗಿದ್ದಳು. ಅವಳಂಥವರು ಇನ್ನೂ ಹಲವರಿದ್ದರು. ಉದ್ಯಮ ಬೆಳೆದು ಷೇರುಪೇಟೆಯನ್ನು ಸೇರಿದಂತೆಲ್ಲ ಅವರಿಗೆ ಎಡೆ ಕಿರಿದಾಯಿತು. ೧೯೩೦ರ ದಶಕದಲ್ಲಿ ದೊಡ್ಡ ಸ್ಟುಡಿಯೋಗಳಲ್ಲಿ ನಿರ್ದೇಶನ ಮಾಡುತ್ತಿದ್ದ ಮಹಿಳೆ ಹೆಚ್ಚುಕಡಮೆ ಡಾರತಿ ಆರ್ಜ್‌ನರ್ ಒಬ್ಬಳೇ. ಕರಿಯ ಜನರಿಗಂತೂ ಬಾಗಿಲು ಮೊದಲಿನಿಂದಲೂ ಮುಚ್ಚಿತ್ತು. ಆಸ್ಕರ್ ಮೀಶೋ ಎಂಬ ಕರಿಯ ಕಾದಂಬರಿಕಾರನು ಬ್ಯಾಂಕುಗಳನ್ನು ನಂಬಿ ಕೂರದೆ, ರೈತರಿಗೂ ಸಣ್ಣ ವರ್ತಕರಿಗೂ ಷೇರುಗಳನ್ನು ಮಾರಿ ೧೯೧೯ರಲ್ಲಿ ತನ್ನ ಮೊದಲ ಚಿತ್ರವನ್ನು ತೆಗೆದನು. ಮರುವರ್ಷ ಅವನು ತೆಗೆದ 'ವಿದಿನ್ ಅವರ್ ಗೇಟ್ಸ್' ಚಿತ್ರವು ನಿರಪರಾಧಿಗಳಾದ ಕರಿಯರನ್ನು ಗುಂಪುಗೂಡಿ ಕೊಲ್ಲುವ ಕ್ರೌರ್ಯವನ್ನು ತೆರೆಯ ಮೇಲೆ ಇರಿಸಿತು. ಗ್ರಿಫಿತ್‌ನ ಚಿತ್ರಕ್ಕೆ ಅದು ಕೊಟ್ಟ ಉತ್ತರವೆಂದು ಅನೇಕ ವಿದ್ವಾಂಸರು ಎಣಿಸಿದ್ದಾರೆ.

ವಿಷಯದ ಮೇಲಿನ ಕಟ್ಟೂ ವ್ಯಾಪಾರದಿಂದಲೇ ಹುಟ್ಟಿತೆಂಬುದನ್ನು ಗಮನಿಸಬೇಕು. ೧೯೧೫ರ ತೀರ್ಪಿನಿಂದಾಗಿ ಯಾವ ರಾಜ್ಯ ಬೇಕಾದರೂ ಚಿತ್ರವನ್ನು ಕತ್ತರಿಸಬಹುದಾಗಿತ್ತು. ಈ ಉಪದ್ರವವನ್ನು ತಪ್ಪಿಸಿಕೊಳ್ಳಲು ನಿರ್ಮಾಪಕರು ೧೯೩೦ರಲ್ಲಿ ತಾವೇ ಒಂದು ನೀತಿಸಂಹಿತೆಯನ್ನು ಸ್ವೀಕರಿಸಿ, ೧೯೩೪ರಿಂದ ಅದನ್ನು ಕಟ್ಟುನಿಟ್ಟಾಗಿ ನಡೆಸಿದರು. ಮುದ್ರೆಯಿಲ್ಲದ ಚಿತ್ರವನ್ನು ಹೊರಬಿಟ್ಟ ಸದಸ್ಯರಿಗೆ ೨೫,೦೦೦ ಡಾಲರು ದಂಡ. ಆ ಸಂಹಿತೆಗೆ ನಿಜವಾದ ಬಲ ಬಂದುದು ದಂಡದಿಂದಲ್ಲ, ಮಂದಿರಗಳ ಒಡೆತನದಿಂದ. ಮುದ್ರೆಯಿಲ್ಲದ ಚಿತ್ರಕ್ಕೆ ದೊಡ್ಡ ಊರುಗಳಲ್ಲಿ ತೆರೆಯೇ ಇರಲಿಲ್ಲ.

೪. ತೆರೆಯ ಮೇಲಿನ ಬ್ಯಾಂಕು

ಹಣವು ಚಿತ್ರವನ್ನು ಹುಟ್ಟಿಸುವುದಷ್ಟೇ ಅಲ್ಲ. ಅಮೆರಿಕದಲ್ಲಿ ಅದು ಚಿತ್ರದ ವಸ್ತುವೂ ಆಯಿತು. ೧೯೨೯ರ ಕುಸಿತದ ಅನಂತರದ ವರ್ಷಗಳಲ್ಲಿ ಸಹಸ್ರಾರು ಬ್ಯಾಂಕುಗಳು ಮುಚ್ಚಿದವು. ಆ ಸಂಕಟದ ನಡುವೆ, ೧೯೩೨ರಲ್ಲಿ, ಸಿಸಿಲಿಯಿಂದ ಬಾಲ್ಯದಲ್ಲಿ ವಲಸೆ ಬಂದ ಫ್ರಾಂಕ್ ಕಾಪ್ರಾ ಎಂಬ ನಿರ್ದೇಶಕನು ಕೊಲಂಬಿಯಾ ಸಂಸ್ಥೆಗಾಗಿ 'ಅಮೆರಿಕನ್ ಮ್ಯಾಡ್‌ನೆಸ್' ಎಂಬ ಚಿತ್ರವನ್ನು ತೆಗೆದನು. ರಾಬರ್ಟ್ ರಿಸ್ಕಿನ್ ಬರೆದ ಈ ಕಥೆಯ ನಾಯಕ ಒಬ್ಬ ಬ್ಯಾಂಕಿನ ಅಧ್ಯಕ್ಷ. ಸಾಲಗಾರನ ಆಸ್ತಿಗಿಂತ ಅವನ ನಡತೆಯೇ ದೊಡ್ಡ ಆಧಾರವೆಂಬುದು ಅವನ ನಂಬಿಕೆ. ನಿರ್ದೇಶಕ ಮಂಡಳಿಗೆ ಅದು ಹುಚ್ಚು. ಬ್ಯಾಂಕಿನಲ್ಲಿ ಕಳವಾಗುತ್ತದೆ, ಕಳವಿನ ಮೊತ್ತ ಬಾಯಿಂದ ಬಾಯಿಗೆ ಬೆಳೆದು ಊರೆಲ್ಲ ಹಬ್ಬುತ್ತದೆ, ಠೇವಣಿದಾರರು ಬ್ಯಾಂಕಿಗೆ ಮುತ್ತಿಗೆ ಹಾಕುತ್ತಾರೆ. ಹಿಂದೆ ಅವನ ವಿಶ್ವಾಸದಿಂದ ಸಾಲ ಪಡೆದಿದ್ದ ಸಣ್ಣ ವರ್ತಕರು ಹಣ ಕಟ್ಟಲು ಮುಂದಾದಾಗ ಮಾತ್ರ ಆ ಪ್ರವಾಹ ತಗ್ಗುತ್ತದೆ.

ಕೊಲಂಬಿಯಾ ಸಂಸ್ಥೆಯು ಗಿಯಾನ್ನೀನಿಯವರ ಬ್ಯಾಂಕಿನ ಸಾಲಗಾರ. ಚಿತ್ರದ ನಾಯಕನಲ್ಲಿ ಎ. ಪಿ. ಗಿಯಾನ್ನೀನಿಯ ಛಾಯೆಯಿರುವುದನ್ನು ವಿಮರ್ಶಕರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಸಾಲಗಾರನು ಸಾಹುಕಾರನಿಗೆ ಹಾಡಿದ ಸ್ತುತಿ ಇದು ಎಂದು ನಕ್ಕು ಬಿಡಬಹುದು. ಆದರೆ ಗಾಳಿಮಾತು ದೂರವಾಣಿಯ ತಂತಿಗಳಲ್ಲಿ ಓಡುವ ವೇಗವನ್ನೂ, ಅಮೃತಶಿಲೆಯ ಹಜಾರವನ್ನು ಜನ ತುಂಬುವ ಭೀತಿಯನ್ನೂ ಕಾಪ್ರಾ ಚಿತ್ರಿಸಿದ ರೀತಿ ಸ್ತುತಿಪಾಠಕನದಲ್ಲ. ಸಾಲವೆಂದರೆ ಮೂಲತಃ ನಂಬಿಕೆ. ನಂಬಿಕೆ ಒಡೆದರೆ ಗಟ್ಟಿಯಾದ ಬ್ಯಾಂಕೂ ಒಂದು ಮಧ್ಯಾಹ್ನದಲ್ಲಿ ಕರಗಿಹೋಗುವುದು ಎಂಬ ಅರ್ಥಶಾಸ್ತ್ರದ ಸತ್ಯವನ್ನು ಇಷ್ಟು ಕಣ್ಣಿಗೆ ಕಟ್ಟುವಂತೆ ಹೇಳಿದ ಕೃತಿಗಳು ವಿರಳ. ಮರುವರ್ಷದ ಮಾರ್ಚಿಯಲ್ಲಿ ಅಮೆರಿಕದ ಬ್ಯಾಂಕುಗಳನ್ನೆಲ್ಲ ಕೆಲವು ದಿನ ಮುಚ್ಚಬೇಕಾಯಿತು. ಠೇವಣಿಗಳಿಗೆ ವಿಮೆಯ ಶಾಸನವೂ ಅದೇ ವರ್ಷ ಬಂದಿತು. ಭಾರತದಲ್ಲಿ ಅಂಥ ವಿಮೆ ಬಂದುದು ೧೯೬೦ರಲ್ಲಿ ಪಾಲೈ ಸೆಂಟ್ರಲ್ ಬ್ಯಾಂಕು ಮುಳುಗಿದ ಅನಂತರ, ೧೯೬೨ರಲ್ಲಿ.

ಹದಿನಾಲ್ಕು ವರ್ಷಗಳ ಮೇಲೆ ಕಾಪ್ರಾ ಇದೇ ವಸ್ತುವಿಗೆ ಮರಳಿದನು. ೧೯೪೬ರ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಚಿತ್ರದ ನಾಯಕ ಜಾರ್ಜ್ ಬೇಲಿ, ಪುಟ್ಟ ಊರೊಂದರಲ್ಲಿ ಬಡವರಿಗೆ ಮನೆ ಕಟ್ಟಲು ಸಾಲ ಕೊಡುವ ಸಂಸ್ಥೆಯನ್ನು ನಡೆಸುವವನು. ಭಯಗೊಂಡ ಠೇವಣಿದಾರರು ಹಣ ಹಿಂದಿರುಗಿಸೆಂದು ಬಂದಾಗ, ನಿಮ್ಮ ಹಣ ಇಲ್ಲಿ ಪೆಟ್ಟಿಗೆಯಲ್ಲಿಲ್ಲ, ನೆರೆಯವರ ಮನೆಗಳ ಗೋಡೆಯಾಗಿ ನಿಂತಿದೆ ಎಂದು ಆತ ತಿಳಿಯಹೇಳುತ್ತಾನೆ. ಬ್ಯಾಂಕಿನ ತತ್ತ್ವವನ್ನು ಸಾಮಾನ್ಯನಿಗೆ ಇದಕ್ಕಿಂತ ಸರಳವಾಗಿ ವಿವರಿಸುವುದು ಕಷ್ಟ. ಊರನ್ನೆಲ್ಲ ನುಂಗಬಯಸುವ ಧನಿಕ ಪಾಟರ್, ಬೇಲಿಯ ಕಡೆಯವರು ಕಳೆದುಕೊಂಡ ೮,೦೦೦ ಡಾಲರುಗಳನ್ನು ಮುಚ್ಚಿಟ್ಟುಕೊಳ್ಳುತ್ತಾನೆ. ತಪ್ಪಿಗೆ ಶಿಕ್ಷೆಯಾಗಬೇಕೆಂದು ವಿಧಿಸುವ ನೀತಿಸಂಹಿತೆಯ ಕಾಲದಲ್ಲಿಯೂ ಅವನಿಗೆ ಕೊನೆಯವರೆಗೆ ಶಿಕ್ಷೆಯಾಗುವುದಿಲ್ಲ. ೧೯೪೭ರಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯ ಟಿಪ್ಪಣಿಯೊಂದು, ಬ್ಯಾಂಕರನನ್ನು ಹೀಗೆ ದುಷ್ಟನನ್ನಾಗಿ ಚಿತ್ರಿಸಿರುವುದರಲ್ಲಿ ಕಮ್ಯೂನಿಸ್ಟರ ತಂತ್ರವಿದೆಯೆಂದು ಶಂಕಿಸಿತು. ವಾಸ್ತವವಾಗಿ ಚಿತ್ರದಲ್ಲಿರುವುದು ಬಂಡವಾಳದ ನಿಂದೆಯಲ್ಲ. ಎರಡು ಬಗೆಯ ಬಂಡವಾಳಗಳ ಕಲಹ. ನೆರೆಯವನನ್ನು ನಂಬುವ ಹಣವೊಂದು, ನೆರೆಯವನನ್ನು ಹಿಂಡುವ ಹಣವೊಂದು. ಅಮೆರಿಕದ ಸಂಸ್ಕೃತಿ ತನ್ನೊಳಗೆ ನಡೆಸುತ್ತಲೇ ಬಂದಿರುವ ಹಳೆಯ ವಾದ ಅದು.

೫. ೧೯೪೮ರ ತೀರ್ಪು

೧೯೩೮ರ ಜುಲೈಯಲ್ಲಿ ಅಮೆರಿಕದ ಸರ್ಕಾರವು ಎಂಟೂ ಸಂಸ್ಥೆಗಳ ಮೇಲೆ ಹೂಡಿದ ದಾವೆಯು ಹತ್ತು ವರ್ಷ ನಡೆದು, ೧೯೪೮ರ ಮೇ ೩ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ನಿರ್ಣಯವಾಯಿತು. ಆ ತೀರ್ಪಿನಲ್ಲಿ ದಾಖಲಾಗಿರುವ ಅಂಕಿಗಳು ವಿಚಾರಯೋಗ್ಯ. ಐದು ದೊಡ್ಡ ಸಂಸ್ಥೆಗಳಿಗೆ ಪಾಲಿದ್ದುದು ದೇಶದ ಒಟ್ಟು ಮಂದಿರಗಳಲ್ಲಿ ಶೇಕಡಾ ೧೭ಕ್ಕಿಂತ ತುಸು ಹೆಚ್ಚು ಮಾತ್ರ. ಆದರೆ ಒಂದು ಲಕ್ಷಕ್ಕೆ ಮೀರಿದ ಜನಸಂಖ್ಯೆಯ ೯೨ ನಗರಗಳಲ್ಲಿ, ಹೊಸ ಚಿತ್ರಗಳನ್ನು ಮೊದಲು ತೋರಿಸುವ ಮಂದಿರಗಳ ಪೈಕಿ ಕನಿಷ್ಠ ಶೇಕಡಾ ೭೦ ಅವುಗಳ ಬಳಗಕ್ಕೆ ಸೇರಿದ್ದವು. ಚಿತ್ರದ ಭಾಗ್ಯ ನಿರ್ಧಾರವಾಗುವುದು ಅಲ್ಲಿಯೇ. ಒಂದು ವ್ಯಾಪಾರವನ್ನು ಹಿಡಿತದಲ್ಲಿಡಲು ಎಲ್ಲವನ್ನೂ ಕೊಳ್ಳಬೇಕಿಲ್ಲ, ಹೆಬ್ಬಾಗಿಲನ್ನು ಕೊಂಡರೆ ಸಾಕು ಎಂಬುದಕ್ಕೆ ಇದು ಪಾಠ. ಬ್ಲಾಕ್ ಬುಕಿಂಗ್ ನಿಷಿದ್ಧವಾಯಿತು. ಕ್ರಮೇಣ ಐದೂ ಸಂಸ್ಥೆಗಳು ತಮ್ಮ ಮಂದಿರಗಳನ್ನು ಬೇರ್ಪಡಿಸಬೇಕಾಯಿತು.

ಇದರ ಪರಿಣಾಮವು ಸಂಮಿಶ್ರವಾದುದು. ದೂರದರ್ಶನವೂ ಅದೇ ಕಾಲಕ್ಕೆ ಮನೆಮನೆಗೆ ಬಂದುದರಿಂದ, ೧೯೪೬ರಲ್ಲಿ ಉತ್ತುಂಗಕ್ಕೇರಿದ್ದ ಪ್ರೇಕ್ಷಕರ ಸಂಖ್ಯೆ ಹತ್ತು ವರ್ಷಗಳಲ್ಲಿ ಹೆಚ್ಚುಕಡಮೆ ಅರ್ಧಕ್ಕೆ ಇಳಿಯಿತು. ನಿಶ್ಚಿತ ಮಾರಾಟ ಹೋದ ಮೇಲೆ ಸಂಬಳದ ಕಮ್ಮಟವೂ ಕರಗಿತು. ಒಂದೊಂದು ಚಿತ್ರವೂ ಒಂದೊಂದು ಪ್ರತ್ಯೇಕ ಉದ್ಯಮವಾಯಿತು, ಒಂದೊಂದಕ್ಕೂ ಪ್ರತ್ಯೇಕ ಸಾಲ, ಪ್ರತ್ಯೇಕ ಜೂಜು. ಆರ್.ಕೆ.ಓ. ೧೯೫೭ರಲ್ಲಿ ಚಿತ್ರನಿರ್ಮಾಣವನ್ನೇ ನಿಲ್ಲಿಸಿತು. ಆದರೆ ಬಾಗಿಲಿನ ಬೀಗವೂ ಸಡಿಲವಾಯಿತು. ೧೯೫೨ರಲ್ಲಿ ಇಟಲಿಯ ರೊಸೆಲ್ಲೀನಿಯ ಚಿತ್ರವೊಂದರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ತನ್ನ ೧೯೧೫ರ ಅಭಿಪ್ರಾಯವನ್ನು ಬಿಟ್ಟುಕೊಟ್ಟು, ಚಲಚ್ಚಿತ್ರವೂ ವಿಚಾರಗಳ ವಾಹಕವೆಂದು ಒಪ್ಪಿತು. ಮರುವರ್ಷವೇ ನೀತಿಸಂಹಿತೆಯ ಮುದ್ರೆಯಿಲ್ಲದೆ 'ದಿ ಮೂನ್ ಈಸ್ ಬ್ಲೂ' ಚಿತ್ರ ತೆರೆಕಂಡಿತು. ೧೯೬೮ರಲ್ಲಿ ಸಂಹಿತೆಯೇ ಹೋಯಿತು. ವ್ಯಾಪಾರವೆಂದು ಬಗೆದಾಗ ಕಟ್ಟಿಹಾಕಿದ ಕಲೆಯನ್ನು, ವ್ಯಾಪಾರದ ಕಟ್ಟನ್ನು ಬಿಚ್ಚಿದಾಗಲೇ ಕಲೆಯೆಂದು ಗುರುತಿಸಲು ಸಾಧ್ಯವಾಯಿತು. ೧೯೪೮ರ ಮೊಕದ್ದಮೆಯಿಂದ ಬಂದ ನಿರ್ಬಂಧಗಳನ್ನು ೨೦೨೦ರಲ್ಲಿ ನ್ಯಾಯಾಲಯವೊಂದು ರದ್ದುಗೊಳಿಸಿತು. ಅಷ್ಟರಲ್ಲಿ ಚಿತ್ರವನ್ನು ತಾವೇ ತೆಗೆದು, ತಮ್ಮದೇ ಜಾಲದ ಮೂಲಕ ಮನೆಯ ತೆರೆಗೆ ಮುಟ್ಟಿಸುವ ನೆಟ್‌ಫ್ಲಿಕ್ಸ್‌ನಂಥ ಸಂಸ್ಥೆಗಳು ಬೆಳೆದಿದ್ದವು. ಮೂರು ಕೆಲಸ, ಒಂದು ಕೈ ಎಂಬ ಜೂಕರನ ಸೂತ್ರವು ಕಲ್ಲುಗಾರೆಯಿಲ್ಲದೆ ಮರಳಿ ಬಂದಿದೆ.

೬. ಬರೆದುಹಾಕಿದ ಬಾಕಿಗಳು

ಇಷ್ಟರವರೆಗೆ ಲೆಕ್ಕದ ಪುಸ್ತಕ ನಮಗೆ ಒಳ್ಳೆಯ ದಾರಿಗಾರನಾಗಿದೆ. ಅದರ ಮಿತಿಯನ್ನೂ ಹೇಳಬೇಕು. ವರ್ಷಾಂತ್ಯದಲ್ಲಿ ಲೆಕ್ಕಿಗನು ಆಸ್ತಿಗಳಿಗೆ ಬೆಲೆ ಕಟ್ಟುತ್ತಾನೆ, ಬೆಲೆಯಿಲ್ಲದ್ದನ್ನು ಬರೆದುಹಾಕುತ್ತಾನೆ. ಶಬ್ದಚಿತ್ರ ಬಂದ ಮೇಲೆ ಮೂಕಚಿತ್ರಗಳಿಗೆ ಪುಸ್ತಕದಲ್ಲಿ ಬೆಲೆ ಸೊನ್ನೆಯಾಯಿತು. ಅವನ್ನು ಕಾಪಾಡುವುದು ಬರಿಯ ಬಾಡಿಗೆಯ ಖರ್ಚು. ಎಷ್ಟೋ ಫಿಲಮುಗಳನ್ನು ಅವುಗಳಲ್ಲಿದ್ದ ಬೆಳ್ಳಿಗಾಗಿ ಕರಗಿಸಿದರು. ಎಷ್ಟೋ ಬೆಂಕಿಗೆ ಆಹುತಿಯಾದವು. ೧೯೩೭ರಲ್ಲಿ ನ್ಯೂಜೆರ್ಸಿಯ ಒಂದು ಉಗ್ರಾಣದ ಬೆಂಕಿಯಲ್ಲಿ ಫಾಕ್ಸ್ ಸಂಸ್ಥೆಯ ಮೂಕಚಿತ್ರಗಳ ಬಹುಭಾಗ ಹೋಯಿತು. ಅಮೆರಿಕದ ಲೈಬ್ರರಿ ಆಫ್ ಕಾಂ‌ಗ್ರೆಸ್ ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ೧೯೧೨ರಿಂದ ೧೯೨೯ರವರೆಗೆ ಆ ದೇಶದಲ್ಲಿ ಬಂದ ಸುಮಾರು ೧೧,೦೦೦ ಪೂರ್ಣಪ್ರಮಾಣದ ಮೂಕಚಿತ್ರಗಳಲ್ಲಿ ಶೇಕಡಾ ೭೦ರಷ್ಟು ಸಂಪೂರ್ಣವಾಗಿ ನಷ್ಟವಾಗಿವೆ.

ಪುಸ್ತಕದ ತೀರ್ಪು ಎಷ್ಟು ತಪ್ಪಬಹುದೆಂಬುದಕ್ಕೆ ಈಗಾಗಲೇ ಹೆಸರಿಸಿದ ಕೃತಿಗಳೇ ಸಾಕ್ಷಿ. 'ಸಿಟಿಜನ್ ಕೇನ್' ಮೊದಲ ಪ್ರದರ್ಶನದಲ್ಲಿ ನಷ್ಟದ ಬಾಬ್ತು. ಮರುವರ್ಷ ವೆಲ್ಸ್ ತೆಗೆದ 'ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್' ಚಿತ್ರದಿಂದ ಸಂಸ್ಥೆಯು ನಲವತ್ತು ನಿಮಿಷಗಳಿಗೂ ಹೆಚ್ಚಿನ ಭಾಗವನ್ನು ಕತ್ತರಿಸಿ ನಾಶಪಡಿಸಿತು; ಎಂಬತ್ತು ವರ್ಷಗಳಾದರೂ ಜನ ಅದನ್ನು ಹುಡುಕುತ್ತಿದ್ದಾರೆ. ಮೀಶೋನ 'ವಿದಿನ್ ಅವರ್ ಗೇಟ್ಸ್' ಅಮೆರಿಕದಲ್ಲಿ ಎಲ್ಲಿಯೂ ಉಳಿಯದೆ, ಒಂದೇ ಒಂದು ಪ್ರತಿ ಸ್ಪೇನಿನಲ್ಲಿ ಬೇರೊಂದು ಹೆಸರಿನಲ್ಲಿ ದೊರೆಯಿತು. ಅದರ ಸ್ಪ್ಯಾನಿಷ್ ಬರಹಗಳನ್ನು ಮರಳಿ ಇಂಗ್ಲಿಷಿಗೆ ತಿರುಗಿಸಿ ೧೯೯೩ರಲ್ಲಿ ಚಿತ್ರವನ್ನು ಸಿದ್ಧಗೊಳಿಸಿದರು. ಕಾಪ್ರಾನ ೧೯೪೬ರ ಚಿತ್ರ ಹೂಡಿದ ಹಣವನ್ನು ಹಿಂದಿರುಗಿಸಲಿಲ್ಲ. ಅವನೂ ಗೆಳೆಯರೂ ಕಟ್ಟಿದ್ದ ಲಿಬರ್ಟಿ ಫಿಲಂಸ್ ಸಂಸ್ಥೆಯನ್ನು ಮರುವರ್ಷವೇ ಪ್ಯಾರಮೌಂಟಿಗೆ ಮಾರಬೇಕಾಯಿತು. ೧೯೭೪ರಲ್ಲಿ ಆ ಚಿತ್ರದ ಕೃತಿಸ್ವಾಮ್ಯವನ್ನು ನವೀಕರಿಸಲು ಯಾರೂ ಮುಂದಾಗದೆ ಹೋದುದರಿಂದ, ದೂರದರ್ಶನ ಕೇಂದ್ರಗಳು ಅದನ್ನು ಚಿತ್ರದ ಬಾಡಿಗೆಯಿಲ್ಲದೆಯೇ ಪ್ರತಿ ಕ್ರಿಸ್ಮಸ್ಸಿಗೂ ತೋರಿಸತೊಡಗಿದವು. ಹಾಗೆ ಪುಕ್ಕಟೆಯಾದ ಮೇಲೆಯೇ ಅದು ಒಂದು ರಾಷ್ಟ್ರದ ಪ್ರೀತಿಯ ಆಸ್ತಿಯಾಯಿತು. ಆಸ್ತಿಯಾದ ಕೂಡಲೇ, ಮೂಲಕಥೆಯ ಮತ್ತು ಸಂಗೀತದ ಹಕ್ಕಿನ ಆಧಾರದ ಮೇಲೆ ೧೯೯೩ರಲ್ಲಿ ಅದಕ್ಕೆ ಮತ್ತೆ ಒಡೆಯರು ಹುಟ್ಟಿಕೊಂಡರು.

ಈ ಕೊನೆಯ ಪ್ರಕರಣವು ನಮ್ಮಿಂದ ದೂರದ್ದಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ೧೯೩೪ರಲ್ಲಿ ತೆರೆಕಂಡಿತು. ಕನ್ನಡನಾಡಿನಲ್ಲಿ ಆಗ ತಕ್ಕ ಸ್ಟುಡಿಯೋ ಇರಲಿಲ್ಲವಾಗಿ ಅದನ್ನು ಚಿತ್ರಿಸಿದುದು ಕೊಲ್ಲಾಪುರದಲ್ಲಿ. ಮುಂದೆ ದಶಕಗಳ ಕಾಲ ಕನ್ನಡ ಚಿತ್ರಗಳು ಮದರಾಸಿನ ಕಮ್ಮಟಗಳನ್ನೇ ಆಶ್ರಯಿಸಬೇಕಾಯಿತು. ಬಂಡವಾಳವೆಲ್ಲಿ ನೆಲೆಸಿತೋ ಕಲೆಯೂ ಅಲ್ಲಿಗೇ ಹೋಗಿ ಬಾಡಿಗೆಯ ಮನೆ ಹಿಡಿಯಿತು. 'ಸತಿ ಸುಲೋಚನಾ'ದ ಪ್ರತಿ ಇಂದು ಲಭ್ಯವಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು ಸ್ಥಾಪಿತವಾದುದು ೧೯೬೪ರಲ್ಲಿ, ಆ ಚಿತ್ರ ಬಂದು ಮೂವತ್ತು ವರ್ಷಗಳು ಕಳೆದ ಮೇಲೆ. ನಡುವಿನ ಆ ಮೂವತ್ತು ವರ್ಷಗಳಲ್ಲಿ ಹಳೆಯ ಫಿಲಮುಗಳ ಮೇಲೆ ಅಧಿಕಾರ ನಡೆಸಿದುದು ಲೆಕ್ಕದ ಪುಸ್ತಕವೊಂದೇ.

ಅಮೆರಿಕದ ಚಲಚ್ಚಿತ್ರವನ್ನು ಅಭ್ಯಾಸ ಮಾಡುವುದರಿಂದ ನಮಗೆ ಪ್ರಯೋಜನವೇನೆಂದು ಕೇಳುವವರಿಗೆ ಉತ್ತರ ಇಲ್ಲಿದೆ. ಹಣ, ಕಾನೂನು, ಕೈಚಳಕ, ಕನಸು ಇವು ಒಂದು ಕೃತಿಯಲ್ಲಿ ಹೇಗೆ ಹೆಣೆದುಕೊಳ್ಳುತ್ತವೆಂಬುದನ್ನು ಅಷ್ಟು ವಿಶದವಾಗಿ ದಾಖಲೆಗಳಿಂದ ತಿಳಿಯಬಹುದಾದ ಕಲೆ ಇನ್ನೊಂದಿಲ್ಲ. ಸಾಲ ಕೊಟ್ಟವನು ತನ್ನ ಅಸಲನ್ನೂ ಬಡ್ಡಿಯನ್ನೂ ಪಡೆಯುವುದು ನ್ಯಾಯ. ಆ ಬಾಕಿ ತೀರಿದ ದಿನ ಖಾತೆ ಮುಚ್ಚುತ್ತದೆ. ಕೃತಿಯ ಖಾತೆ ತೆರೆಯುವುದು ಅಲ್ಲಿಂದ ಮುಂದೆ. ಅದನ್ನು ಬರೆಯಬೇಕಾದವರು ಪ್ರೇಕ್ಷಕರು, ವಿದ್ವಾಂಸರು ಮತ್ತು ಹಳೆಯ ಡಬ್ಬಿಗಳನ್ನು ಎಸೆಯದೆ ಎತ್ತಿಟ್ಟ ಅನಾಮಧೇಯರು.